ಯಮನವ್ವನ ಎರಡು ಗಂಟೆಯ ಪದ

ಗದಗ-ಬೆಟಗೇರಿಯ ನೇಕಾರ ಓಣ್ಯಾಗ ಸರಕಾರಿ ಚಾನೆಲ್ಲಿನ ಮ್ಯಾಲೆ ಯಮನವ್ವನಷ್ಟು ಜೀಂವ ಇಟ್ಟಾಕಿ ಇನ್ನೊಬ್ಬಾಕಿ ಇಲ್ಲ, ಅದನ್ನ ಅಕಿಯಷ್ಟು ಬೈದಾಕಿನೂ ಇಲ್ಲ. ರಾಟಿ ಮುಂದ ಕುಂತು ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತಕೋತ, ಟೀವಿ ಕೂಡ ವಾದಕ್ಕ ಬೀಳಾಕಿ. ಹವಾಮಾನ ಹೇಳೋ ಹುಡುಗಿ ಯಾವಾಗ್ಲೂ ನಕಾಶಿಯೊಳಗ ಗದಗಿನ ಮ್ಯಾಲೇ ಮೊಣಕೈ ಇಟ್ಟು ನಿಂದರತಾಳ, ನಮ್ಮೂರಾಗ ಮಳಿ ಆಗತೈತೋ ಇಲ್ಲೋ ಅನ್ನೂದನ್ನ ಅಕಿ ಮೊಣಕೈನ್ನ ಕೇಳಬೇಕಾಗೇತಿ ಅಂತ ತಕರಾರು. ಕೃಷಿ ಕಾರ್ಯಕ್ರಮದಾವ ಇಸ್ತ್ರಿ ಪ್ಯಾಂಟ್ ಹಾಕ್ಕೊಂಡು ಬದುವಿನ ಮ್ಯಾಲೆ ನಿಂತು ಎರಿ ಹೊಲದ ಬುದ್ಧಿ ಹೇಳತಾನ, ಒಂದಿನ ಕಳಸಾಪುರದ ಕೆಸರಾಗ ಇಳೀಲಿ, ಚಪ್ಪಲಿ ಹುಡುಕೋದ್ರಾಗ ಸುಗ್ಗಿ ಮುಗೀತೈತಿ ಅಂತಿದ್ಲು. ವಾರ್ತೆ ಓದಾಕಿ ಮಾತ್ರ ಬಂಗಾರದಂಥಾಕಿ. ಚೀರೂದಿಲ್ಲ, ಮೇಜು ಕುಟ್ಟೂದಿಲ್ಲ, ಸತ್ತವರ ಸುದ್ದಿ ಹೇಳೋವಾಗ ಸತ್ತವರಿಗೆ ಮರ್ಯಾದಿ ಕೊಡತಾಳ ಅಂತ ಹೊಗಳಿಕಿ.

ಆದ್ರ ಅಕಿ ಪ್ರಾಣ ಇದ್ದದ್ದು ಮಧ್ಯಾಹ್ನ ಎರಡರ ಪದದ ಕಾರ್ಯಕ್ರಮದಾಗ. ಬೀಸೂ ಪದ, ಗೀಗೀ ಪದ, ಡೊಳ್ಳಿನ ಪದ. ಒಮ್ಮೆ ಸೊರಟೂರಿನ ಹೆಣ್ಮಕ್ಕಳು ಬಂದು ಹಾಡಿದಾಗಂತೂ ಓಣಿಯವರು ತವರಿನವರೇ ಬಂದಂಗ ಕುಣದಾಡಿದ್ರು. ಉಂಡ ಮ್ಯಾಲೆ ಜೂಗರಿಸೋ ಹೊತ್ತದು. ಆ ಪದ ಇದ್ರ ಲಾಳಿ ತಾನಾಗೇ ಓಡತಿತ್ತು, ನಿದ್ದಿ ಹತ್ತರ ಸುಳೀತಿರಲಿಲ್ಲ.

ಯುಗಾದಿ ಮುಗದದ್ದ ತಡ, ಆ ಪದ ಟೀವ್ಯಾಗಿಂದ ಮಾಯ ಆತು. ಇನ್ನ ಮುಂದ ಆ್ಯಪಿನ್ಯಾಗ, ಯೂಟ್ಯೂಬಿನ್ಯಾಗ ಅಷ್ಟ ಬರತೈತಿ ಅಂತ ಸೊಸಿ ಭುವನೇಶ್ವರಿ ಓದಿ ಹೇಳಿದ್ಲು. ಅಕೀನ ತನ್ನ ಹಳೇ ಫೋನಿನ್ಯಾಗ ಅದನ್ನ ಹಚ್ಚಿ ರಾಟಿ ಬಾಜೂಕ ಇಟ್ಟು, ಬಟ್ಟಿ ಅಂಗಡಿ ಕೆಲಸಕ್ಕ ಹೋದ್ಲು. ಮೊದಲು ಸಾಬಾಣದ ಜಾಹೀರಾತು ಬಂತು. ಆಮ್ಯಾಲೆ ಪರದೆ ಅಡ್ಡ ಆತು, ಆಮ್ಯಾಲೆ ಕತ್ತಲಿ ಆತು. ಯಮನವ್ವನ ಬೆರಳಿಗೆಲ್ಲ ಮಗ್ಗದ ಹಾಸು ನೂಲಿಗೆ ಹಚ್ಚೋ ಗಂಜಿ ಮೆತ್ತಿತ್ತು, ಎಷ್ಟು ಒತ್ತಿದ್ರೂ ಫೋನು ಹಾಂ ಅನ್ನವಲ್ದು ಹೂಂ ಅನ್ನವಲ್ದು. ಸಿಟ್ಟು ನೆತ್ತಿಗೇರಿ ಮೂಗಿಲೇ ಒತ್ತಿದ್ಲು. ಪದ ಹೋಗಿ ಕುಸ್ತಿ ಬಂತು. ಮಗ್ಗದ ಕುಣ್ಯಾಗ ಕುಂತಿದ್ದ ಗಂಡ ಹನುಮಪ್ಪ ನಕ್ಕು ನಕ್ಕು ಎಳಿ ಹರಕೊಂಡ. ಟೀವಿ ಆದ್ರ ತಾನ ಹಾಡತೈತಿ, ಈ ಮಾರಾಯನ ಚಾಕರಿ ಮಾಡಕೋತ ಕುಂತ್ರ ಕಂಡಿಕಿ ನಿಮ್ಮಪ್ಪ ಸುತ್ತತಾನೇನು ಅಂತ ಅಕಿ ಅವನ ಮ್ಯಾಲೇ ಹರಿಹಾಯ್ದ್ಲು.

ಬುಧವಾರ ಮಧ್ಯಾಹ್ನ ಮೂರಕ್ಕ ಅದೇ ಚಾನೆಲ್ಲಿನ್ಯಾಗ ನೋಡವ್ರು ಫೋನ್ ಹಚ್ಚಿ ಮಾತಾಡೋ ಕಾರ್ಯಕ್ರಮ ಇತ್ತು. ಪದ ವಾಪಸ್ ಟೀವಿಗೆ ತರಿಸಿಯೇ ಬಿಡತೀನಿ ಅಂತ ಯಮನವ್ವ ಓಣಿ ತುಂಬ ಡಂಗುರ ಸಾರಿದ್ಲು. ಸೊಸಿ ಅರ್ಧ ದಿನ ಸೂಟಿ ಹಾಕಿ ಬಂದು ಫೋನ್ ಹಚ್ಚೇ ಹಚ್ಚಿದ್ಲು. ಯಮನವ್ವನ ಮಾತು ಕೇಳಬೇಕಂತ ಓಣಿಯ ಮಗ್ಗ ಎಲ್ಲಾ ನಿಂತವು. ಯಡವಟ್ಟು ಆದದ್ದು ಅಲ್ಲೇ. ಮಗ್ಗದ ಖಟಪಟದಾಗ ಕೇಳಬೇಕಲ್ಲ, ಆ ಓಣ್ಯಾಗ ಎಲ್ಲಾರ ಟೀವಿಯೂ ಹುಟ್ಟಿದಾಗಿಂದ ಪೂರಾ ದನಿ. ಮಗ್ಗ ನಿಲ್ಲಿಸಿದವ್ರು ಟೀವಿ ದನಿ ಇಳಸಲಿಲ್ಲ.

ಲೈನ್ ಸಿಕ್ಕಿತು. ನಮಸ್ಕಾರ್ರಿ, ಬೆಟಗೇರಿಯಿಂದ ಯಮನವ್ವ ಮಾತಾಡತೀನ್ರಿ ಅಂದ್ಲು. ಅಷ್ಟೂ ಮಾತು ಅಕಿ ಟೀವ್ಯಾಗಿಂದ ಹೊಳ್ಳಿ ಬಂತು. ಅದು ಮುಗಿಯೂದ್ರಾಗ ಬಾಜೂ ಮನಿ ಅಖ್ತರಿ ಟೀವ್ಯಾಗಿಂದ, ಅದರ ಹಿಂದ ಎದುರು ಮನಿ ತಿರಕಪ್ಪನ ಡಿಶ್ ಟೀವ್ಯಾಗಿಂದ, ಮತ್ತ ಓಣಿ ತುದಿ ತನಕ ಮಾತಾಡತೀನ್ರಿ, ಮಾತಾಡತೀನ್ರಿ. ನಾಯಿಗಳೂ ದನಿ ಕೂಡಿಸಿದವು. ನಿರೂಪಕ ಕಿವಿ ಹಿಡಕೊಂಡು, ಅಮ್ಮಾ ಟೀವಿ ದನಿ ಕಡಿಮೆ ಮಾಡ್ರಿ ಅಂದ. ಯಮನವ್ವ ತನ್ನದನ್ನ ಆರಿಸಿದ್ಲು. ಇನ್ನೊಂದು ಟೀವಿನೂ ಇದೆಯಾ ಅಂತ ಕೇಳಿದ. ಅದು ನಮ್ಮದಲ್ರಿ, ಅಖ್ತರಿದು ಅಂದ್ಲು. ಹನುಮಪ್ಪ ಕುಣ್ಯಾಗಿಂದ ಎದ್ದು ಧೋತರದ ಚುಂಗು ಕೈಯಾಗ ಹಿಡಕೊಂಡು ಮನಿ ಮನಿಗೆ ಓಡಿದ, ಆರಸ್ರಲೇ ಅಂತ ಚೀರಿದ. ಆ ಚೀರಾಟನೂ ಇಡೀ ಕರ್ನಾಟಕಕ್ಕ ಕೇಳಿತು.

ಕಡೀಕ ಓಣಿ ತಣ್ಣಗಾತು. ಯಮನವ್ವ ಒಂದ ಉಸಿರಿನ್ಯಾಗ ಗಂಜಿ, ಬೆರಳು, ಮೂಗು, ಕುಸ್ತಿ ಎಲ್ಲಾ ಹೇಳಿ, ಎರಡು ಗಂಟೆಯ ಪದ ಟೀವಿಗೇ ಕೊಡ್ರಿ ಅಂತ ಬೇಡಿಕೊಂಡ್ಲು. ನಿರೂಪಕ ಒಳ್ಳೇ ಮನಶ್ಯಾ. ನಕ್ಕ, ನಮಸ್ಕಾರ ಹೇಳಿದ, ಆಮ್ಯಾಲೆ ಅಂದ:

"ನಿಮ್ಮ ಪ್ರೀತಿ ದೊಡ್ಡದಮ್ಮಾ. ಆದರೆ ಮಧ್ಯಾಹ್ನದ ಹೊತ್ತು ಟೀವಿ ನೋಡುವವರೇ ಈಗ ಇಲ್ಲ. ಎಲ್ಲರೂ ಮೊಬೈಲಿಗೆ ಹೋಗಿಬಿಟ್ಟಿದ್ದಾರೆ."

ಯಮನವ್ವನ ಎದಿ ಧಸಕ್ಕಂತು. ಇಷ್ಟು ವರ್ಷ ನಾವು ನೋಡಿದ್ದು ಯಾರ ಲೆಕ್ಕಕ್ಕೂ ಇಲ್ಲೇನು ಅಂತ ಬಾಗಲದ ಕಡೆ ಹೊಳ್ಳಿದ್ಲು. ಹೊರಗ ನೋಡಿದ್ರ ಅಖ್ತರಿ, ತಿರಕಪ್ಪ, ಎಲ್ಲಾರೂ ತಮ್ಮ ತಮ್ಮ ಬಾಗಲದಾಗ, ಟೀವಿ ಬಾಯಿ ಮುಚ್ಚಿಸಿ ಸುಮ್ಮನ ನಿಂತಿದ್ರು. ಅಲ್ಲೇ ಅಕಿಗೆ ಹೊಳೀತು. ಒಂದೀಟು ತಡೀರಿ ಸಾಹೇಬ್ರ ಅಂತ ಹೇಳಿ, ಗಂಡನ್ನ ಕೂಗಿದ್ಲು.

"ಎಲ್ಲಾರ ಟೀವಿ ಹಚ್ಚಸ್ರಿ. ಪೂರಾ ದನಿ."

ಹನುಮಪ್ಪ ಮತ್ತ ಓಡಿದ. ನಿರೂಪಕ ಅಲ್ಲಿ ಹಲೋ, ಹಲೋ, ಅಮ್ಮಾ ಅನ್ನಾಕ ಹತ್ತಿದ್ದ. ಅವನ ಹಲೋ ಅಖ್ತರಿ ಮನ್ಯಾಗಿಂದ ಬಂತು, ತಿರಕಪ್ಪನ ಮನ್ಯಾಗಿಂದ ಬಂತು, ಹಿಂದಿನ ಓಣಿಯವ್ರೂ ಸೇರಿ ಹಚ್ಚಿದ್ರು, ಹೆಂಚು ಹಾರಿ ಹೋಗೋವಷ್ಟು ಹಲೋ ಆತು. ಭುವನೇಶ್ವರಿ ಫೋನನ್ನ ಕೈ ಎತ್ತಿ ಬಾಗಲದ ಹೊರಗ ಹಿಡಿದ್ಲು. ಯಮನವ್ವ ಆ ಗದ್ದಲದಾಗ ನಿಂತು ಕೇಳಿದ್ಲು:

"ಹಂಗಾರ ಇವರೆಲ್ಲಾ ಯಾರ್ರಿ?"

ಯಾರ್ರಿ, ಯಾರ್ರಿ, ಯಾರ್ರಿ ಅಂತ ಬೆಟಗೇರಿಗೆ ಬೆಟಗೇರಿನ ಕೇಳಿತು. ನಿರೂಪಕ ಕಿವಿಯೊಳಗಿನ ಯಂತ್ರ ತಗದು ಮೇಜಿನ ಮ್ಯಾಲೆ ಇಟ್ಟ. ಕ್ಯಾಮೆರಾ ಹಿಡದಾವ ನಗತಿದ್ದ ಅಂತ ಕಾಣತೈತಿ, ಚಿತ್ರ ಗಡಗಡ ಅಲಗಾಡತಿತ್ತು. ನೋಡುವವರು ಇದ್ದಾರೆ, ಮೇಲಿನವರಿಗೆ ಈ ಸದ್ದನ್ನೇ ಕೇಳಿಸ್ತೀನಿ ಅಂತ ಅವ ನಕ್ಕೋತ ಹೇಳೂದ್ರಾಗ ಲೈನ್ ಕಟ್ಟಾತು.

ಶ್ರಾವಣದ ಮೊದಲನೇ ಸೋಮವಾರ ಎರಡಕ್ಕ ಟೀವ್ಯಾಗ ಪದ ಬಂತು. ಓಣಿಯ ಮಗ್ಗ ಎಲ್ಲಾ ಖಟಪಟ ಶುರು ಮಾಡಿದವು, ಯಮನವ್ವನ ರಾಟಿ ಒಂದು ಬಿಟ್ಟು. ಸೆರಗಿಲೆ ಕಣ್ಣೊರಸಕೋತ ಕುಂತಿದ್ಲು. ಪದ ಬಂತಲ್ಲ, ಮತ್ಯಾಕ ಅಳತೀ ಅಂತ ಹನುಮಪ್ಪ ಲಾಳಿ ಹಿಡದು ಕೇಳಿದ.

"ನಾವು ಇಲ್ಲಿ ಅದೀವಿ ಅಂತ ಅವರಿಗೆ ಗೊತ್ತಾತಲ್ರಿ" ಅಂದ್ಲು.