ಗೇಟಿನೊಳಗೆ ಬಾಯಿಗೆ ಬೀಗ

ಹೋಟೆಲ್ಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವ ರೋಲರ್ ಮಿಷನ್ನಿಗೆ ಎರಡು ಜೊತೆ ಕೈ ಬೇಕು. ಈ ಕಡೆಯಿಂದ ಒಬ್ಬರು ಒದ್ದೆ ಚಾದರ ತೂರಿಸಬೇಕು, ಆ ಕಡೆ ಇನ್ನೊಬ್ಬರು ಬಿಸಿಬಿಸಿ ಹಿಡಿದು ಮಡಚಬೇಕು. ಅವತ್ತು ಆ ಕಡೆ ನಿಂತವಳು ಹಿಡಿಯಲೇ ಇಲ್ಲ. ನಾಲ್ಕು ಚಾದರ ನೆಲಕ್ಕೆ ಬಿದ್ದವು, ಐದನೆಯದೂ ಬಿತ್ತು. ಅವಳ ಕಣ್ಣು ಮೂಲೆಯ ಮೇಜಿನ ಮೇಲಿತ್ತು. ಅಲ್ಲಿ ಅಜ್ಜ ಅವಳ ಮಗಳ ಸ್ಕೂಲಿನಿಂದ ಬಂದ ಕಾಗದ ಓದುತ್ತಿದ್ದ.

ಅಜ್ಜ ಅಂದರೆ ಸ್ವಂತ ಅಜ್ಜ ಅಲ್ಲ. ಚಾದರದ ಕಲೆ ತೆಗೆಯುವ ಕೆಲಸದವನು. ಇಡೀ ಲಾಂಡ್ರಿಯಲ್ಲಿ ಅವಳ ಭಾಷೆ ಬರುತ್ತಿದ್ದವನು ಅವನೊಬ್ಬನೇ, ಇಂಗ್ಲಿಷೂ ಬರುತ್ತಿತ್ತು. ಓದಿ ಮುಗಿಸಿ ಕನ್ನಡಕ ತೆಗೆದ.

"ನಿನ್ನ ಮಗಳಿಗೆ ಬುದ್ಧಿ ಬೆಳೆದಿಲ್ಲ ಅಂತ ಬರೆದಿದಾರೆ ಕಣಮ್ಮ. ಪರೀಕ್ಷೆ ಮಾಡಿದ್ರಂತೆ. ಅಂಥ ಮಕ್ಕಳಿಗೇ ಅಂತ ಇರೋ ಬೇರೆ ಸ್ಕೂಲಿಗೆ ಕಳಿಸ್ತಾರಂತೆ. ನಾಳೆ ಹತ್ತು ಗಂಟೆಗೆ ಬಂದು ನೀನು ಸಹಿ ಹಾಕ್ಬೇಕು."

ಅವಳಿಗೆ ಮೊದಲು ನಗುವೇ ಬಂತು, ನೋಡಿ. ಬುದ್ಧಿ ಬೆಳೆದಿಲ್ಲವಂತೆ! ಯಾರಿಗೆ? ಎಂಟು ವರ್ಷದ ಆ ಹುಡುಗಿಯನ್ನು ಮನೆಮಂದಿಯೆಲ್ಲ ಅರಳು ಅಂತ ಕರೆಯುವುದೇ ಯಾಕೆ? ಅರಳು ಹುರಿದ ಹಾಗೆ ಪಟಪಟ ಮಾತಾಡುತ್ತಾಳೆ ಅಂತ. ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಅವನ ತಲೆ ತಿಂದುಹಾಕುತ್ತಾಳೆ. ಎಷ್ಟು ಕಿಲೋಮೀಟರ್ ಓಡಿಸಿದೆ, ಎಷ್ಟು ಗಂಟೆ ಆಯ್ತು, ಹಾಗಾದರೆ ಮಧ್ಯೆ ಎಲ್ಲೋ ಮಲಗಿದ್ದೀಯ ಅಂತ ಲೆಕ್ಕ ಹಾಕಿ ಹಿಡಿದು ಹಾಕುತ್ತಾಳೆ. ಅವಳಿಗೆ ಬುದ್ಧಿ ಇಲ್ಲದಿದ್ದರೆ ಇನ್ಯಾರಿಗಿದೆ?

"ಅವಳು ಸ್ಕೂಲಲ್ಲಿ ಒಂಬತ್ತು ತಿಂಗಳಿಂದ ಒಂದು ಮಾತೂ ಆಡಿಲ್ವಂತೆ. ಯಾಕಮ್ಮ?" ಅಂದ ಅಜ್ಜ.

ಅವಳ ನಗು ಅಲ್ಲೇ ನಿಂತಿತು.

"ಸೇರಿಸೋವಾಗ ಒಂದು ಫಾರಂ ಕೊಟ್ಟಿರ್ತಾರಲ್ಲ, ಮಗು ಮೊದಲು ಕಲಿತ ಭಾಷೆ ಯಾವುದು, ಮನೇಲಿ ಯಾವುದು ಆಡ್ತೀರಿ ಅಂತ. ಅದರಲ್ಲಿ ಏನು ಬರೆದೆ?"

"ಇಂಗ್ಲಿಷ್ ಅಂತ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ."

ಅಜ್ಜ ತಲೆ ಮೇಲೆ ಕೈ ಹೊತ್ತುಕೊಂಡ.

ಬರೆಸಿದ್ದು ಗಂಡನ ಅಕ್ಕ. ಈ ದೇಶಕ್ಕೆ ಮೊದಲು ಬಂದವರು ಅವರು, ಹಾಗಾಗಿ ಅತ್ತಿಗೆ ಹೇಳಿದ್ದೇ ವೇದವಾಕ್ಯ. "ನಮ್ಮ ಭಾಷೆ ಅಂತ ಬರೆದ್ಯೋ, ಕೆಟ್ಟೆ. ಇಂಗ್ಲಿಷ್ ಬರದ ಮಕ್ಕಳನ್ನ ದಿನಾ ಎರಡು ಗಂಟೆ ಎಬ್ಬಿಸ್ಕೊಂಡು ಹೋಗಿ ಮೂಲೆ ಕ್ಲಾಸಲ್ಲಿ ಕೂರಿಸ್ತಾರೆ. ಉಳಿದ ಮಕ್ಕಳೆಲ್ಲ ನಗ್ತವೆ" ಅಂದಿದ್ದರು. ಅವಳಿಗೋ ಇಂಗ್ಲಿಷ್ ಬರೆಯಲು ಬಾರದು. ಸೋಪಿನ ಡ್ರಮ್ಮಿನ ಚೀಟಿಯಲ್ಲಿದ್ದ ಇಂಗ್ಲಿಷ್ ಅನ್ನುವ ಪದ ನೋಡಿಕೊಂಡು ಅದರ ಅಕ್ಷರಗಳನ್ನು ಹತ್ತು ಸಲ ತಿದ್ದಿ, ಫಾರಂನಲ್ಲಿ ಮೂರು ಕಡೆ ದುಂಡಗೆ ಬರೆದು ಬಂದಳು.

ಸುಳ್ಳು ಬರೆದ ಮೇಲೆ ಅದನ್ನು ಸಾಕಬೇಕಲ್ಲ! ಅದಕ್ಕೇ ಹುಟ್ಟಿತು ಬೀಗದ ಆಟ. ಅಡುಗೆಮನೆಯಲ್ಲಿ ಅಮ್ಮ ಟೀಚರ್. "ಏನು ತಿಂದೆ? ನಿಮ್ಮಪ್ಪ ಎಲ್ಲಿ?" ಅಂತ ಮನೆಯ ಮಾತಿನಲ್ಲೇ ಕೆಣಕುತ್ತಾಳೆ. ಅರಳು ಬಾಯಿಬಿಟ್ಟರೆ ಸೋತಳು. "ಬೈದರೂ ಬಿಡಬಾರದು, ಗೋಗರೆದರೂ ಬಿಡಬಾರದು, ನಾನು ಅತ್ತರೂ ಬಿಡಬಾರದು. ಸ್ಕೂಲ್ ಗೇಟಿನೊಳಗೆ ಬೀಗ, ಗೇಟು ದಾಟಿದ ಮೇಲೆ ಬೀಗದಕೈ. ಇಂಗ್ಲಿಷ್ ಬರೋವರೆಗೆ ಅಷ್ಟೇ ಕಣೇ." ಅಮ್ಮ ಸುಳ್ಳುಸುಳ್ಳೇ ಅಳುವುದನ್ನು ನೋಡಿ ಮಗಳು ಮೊದಮೊದಲು ಕಿಸಕ್ಕನೆ ನಕ್ಕು ಸೋಲುತ್ತಿದ್ದಳು. ಆಮೇಲೆ ಗಟ್ಟಿಯಾದಳು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಅಮ್ಮ ಅವಳ ತುಟಿಯ ಮುಂದೆ ಬೆರಳು ತಿರುಗಿಸಿ ಬೀಗ ಹಾಕುತ್ತಿದ್ದಳು, ಸಂಜೆ ಅಲ್ಲೇ ತೆಗೆಯುತ್ತಿದ್ದಳು. ಇಂಗ್ಲಿಷ್ ಮಾತ್ರ ಬರಲಿಲ್ಲ. ಕಲಿಸುವವರು ಇದ್ದದ್ದು ಮೂಲೆ ಕ್ಲಾಸಿನಲ್ಲಿ.

"ನಾಳೆ ನೀನು ಬಾ ಅಜ್ಜ. ನಿನ್ನ ಕಾಲಿಗೆ ಬೀಳ್ತೀನಿ."

"ನಾಳೆ ಮದುವೆ ಹಾಲ್‌ನ ಮೇಜುಬಟ್ಟೆಗಳು ಬರ್ತಾವೆ, ಮೇಸ್ತ್ರಿ ಬಿಡಲ್ಲ. ನಮ್ಮ ಮಾತನ್ನ ಇಂಗ್ಲಿಷಿಗೆ ತಿರುಗಿಸಿ ಹೇಳೋರನ್ನ ಸ್ಕೂಲಿನವರೇ ಕರೆಸಬೇಕು. ಫಾರಂ ನೋಡಿ ಇವರಿಗೆ ಬೇಡ ಅಂತ ಬಿಟ್ಟಿದಾರೆ. ಬಾ ಇಲ್ಲಿ, ಒಂದು ಮಾತು ಕಲಿ."

ನನ್ನ ಮಗಳು ಮನೆಯಲ್ಲಿ ಬೇರೆ ಭಾಷೆ ಆಡುತ್ತಾಳೆ, ದಯವಿಟ್ಟು ಅದರಲ್ಲೇ ಪರೀಕ್ಷೆ ಮಾಡಿ. ಇಷ್ಟನ್ನು ಅಜ್ಜ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದ. ಅವಳು ಬಸ್ಸಿನಲ್ಲಿ, ಮೆಟ್ಟಿಲಲ್ಲಿ, ಪಾತ್ರೆ ತೊಳೆಯುತ್ತ, ಮಾರನೆಯ ದಿನ ಸ್ಕೂಲಿನ ಬಾಗಿಲವರೆಗೂ ಅದನ್ನೇ ಜಪಿಸಿದಳು.

ಕೋಣೆಯಲ್ಲಿ ಮೂವರಿದ್ದರು: ಹೆಡ್ ಮೇಡಂ, ಕ್ಲಾಸ್ ಟೀಚರ್, ಪರೀಕ್ಷೆ ಮಾಡಿದ ತೆಳ್ಳನೆಯ ಮನುಷ್ಯ. ಅವಳು ಕೂರುವ ಮೊದಲೇ ಆ ಮಾತನ್ನು ಒಂದಕ್ಷರ ತಪ್ಪಿಲ್ಲದೆ, ತೊದಲದೆ, ಗಡಗಡ ಹೇಳಿಬಿಟ್ಟಳು.

ಹೆಡ್ ಮೇಡಂ ನಕ್ಕರು. ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅಂದರು.

ಅಯ್ಯೋ ಶಿವನೇ! ಇದಕ್ಕೇನು ಹೇಳೋಣ? ಆಮೇಲೆ ಮೇಡಂ ಹತ್ತು ನಿಮಿಷ ಮಾತಾಡಿದರು. ಅವಳಿಗೆ ಹತ್ತರಲ್ಲಿ ಒಂದು ಮಾತು ತಿಳಿಯಿತು: ಮಗು, ಸ್ಕೂಲು, ಬೇಜಾರು, ಸಹಿ. ಬೇರೆ ವಾಕ್ಯ ಅವಳ ಹತ್ತಿರ ಇರಲಿಲ್ಲ. ಕೊನೆಗೆ ಫಾರಂ ಮೇಲೆ ಬೆರಳಿಟ್ಟು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, "ಇದು ಸುಳ್ಳು. ನಾನು ಸುಳ್ಳು" ಅಂದಳು.

ಮೂವರೂ ಮುಖ ಮುಖ ನೋಡಿಕೊಂಡರು. ಇಂಥ ಸುದ್ದಿ ಕೇಳಿ ಹೆತ್ತವರು ಏನೇನೋ ಹೇಳುತ್ತಾರೆ ಅನ್ನುವ ಕನಿಕರ ಆ ಮುಖಗಳಲ್ಲಿ. ಪರೀಕ್ಷೆಯವನು ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದ: ಮನೆಯಲ್ಲಿ ಬೇರೆ ಭಾಷೆ ಇದೆಯಾ ಅಂತ ನಿಮ್ಮ ಮಗಳನ್ನು ನಾನೇ ಕೈಸನ್ನೆ ಮಾಡಿ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದಳು.

ಆಡಿಸದೆ ಇನ್ನೇನು! ಹಾಗಂತ ಹೇಳಿಕೊಟ್ಟವಳು ತಾನೇ. "ಮಗಳು. ಕರೀರಿ" ಅಂದಳು.

ಅರಳು ಬಂದು ಬಾಗಿಲಲ್ಲಿ ನಿಂತಳು. ಎರಡು ಜಡೆ, ತುಟಿ ಬಿಗಿ. ಅಮ್ಮ ಅವಳ ಮುಂದೆ ಮಂಡಿಯೂರಿದಳು.

"ಅರಳೂ, ಮಾತಾಡು ಕಂದಾ. ನಮ್ಮ ಮಾತಲ್ಲೇ ಆಡು. ಅಪ್ಪನ ಲಾರಿ ಲೆಕ್ಕ ಹೇಳು."

ಮಗಳು ಅಮ್ಮನನ್ನು ನೋಡಿದಳು. ಕಣ್ಣಲ್ಲಿ ಸಣ್ಣ ತುಂಟತನ ಮಿಂಚಿತು. ತುಟಿ ಇನ್ನೂ ಬಿಗಿಯಾಯಿತು.

"ಆಟ ಅಲ್ವೇ ಇದು! ನಿಜವಾಗ್ಲೂ ಹೇಳ್ತಿದೀನಿ. ನೋಡು, ಬೀಗ ತೆಗೆದೆ, ತೆಗೆದೆ." ಅವಳು ಬೆರಳು ತಿರುಗಿಸಿದಳು. ಆದರೆ ಬೀಗ ತೆಗೆಯುವುದು ಗೇಟಿನ ಹೊರಗೆ ತಾನೇ? ಮಗಳು ಇಲ್ಲ ಅಂತ ತಲೆ ಆಡಿಸಿದಳು. ಅಮ್ಮನಿಗೆ ಅಳು ಉಕ್ಕಿ ಬಂತು, ನಿಜವಾದ ಅಳು, ಮೂಗು ಬಾಯಿ ಎಲ್ಲ ಒದ್ದೆಯಾಗುವ ಅಳು. ಮಗಳ ಗಲ್ಲ ನಡುಗಿತು, ಕಣ್ಣು ತುಂಬಿತು. ತುಟಿ ಮಾತ್ರ ಪಿಟಕ್ ಅನ್ನಲಿಲ್ಲ. ಅತ್ತರೂ ಬಿಡಬಾರದು ಅಂದಿದ್ದಳಲ್ಲ ಅಮ್ಮ!

ಕ್ಲಾಸ್ ಟೀಚರ್ ಮುಖ ಆ ಕಡೆ ತಿರುಗಿಸಿಕೊಂಡರು. ಹೆಡ್ ಮೇಡಂ ಫೈಲು ಮುಂದೆ ಸರಿಸಿ ಪೆನ್ನು ಕೊಟ್ಟರು.

ಆಗ ಅವಳಿಗೆ ಹೊಳೆಯಿತು. ಪೆನ್ನು ಬಿಟ್ಟಳು, ಫೈಲನ್ನೇ ಕಂಕುಳಲ್ಲಿ ಅವುಚಿಕೊಂಡಳು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ದಡದಡ ಹೊರಟೇಬಿಟ್ಟಳು. ಹಿಂದಿನಿಂದ ಮೇಡಂ ಕೂಗಿದರು. ಕೂಗಲಿ, ಪೊಲೀಸರನ್ನೇ ಕರೆಸಲಿ! ವರಾಂಡ, ನಲ್ಲಿಗಳ ಸಾಲು, ಆಟದ ಅಂಗಳ. ಬೂಟಿನ ಸದ್ದು ಬೆನ್ನಿಗೇ ಬರುತ್ತಿತ್ತು. ಫೈಲು ಪರೀಕ್ಷೆಯವನದು, ಅವನು ಬಿಟ್ಟಾನೆಯೇ? ಬರಲಿ ದೇವರೇ, ಬರಲಿ ಅಂದುಕೊಂಡೇ ಅವಳು ಗೇಟು ದಾಟಿದಳು. ಮಗಳ ತುಟಿಯ ಮುಂದೆ ಬೆರಳು ತಿರುಗಿಸಿ ಬೀಗ ತೆಗೆದಳು.

"ಗೆದ್ದೇ! ಅಮ್ಮಾ ಗೆದ್ದೆ ನೋಡು!" ಅರಳು ಸಿಡಿಯಿತು. "ನೀನು ಅಷ್ಟು ಅತ್ತ್ಯಲ್ಲ, ನಂಗೂ ಅಳು ಬಂತು, ಆದ್ರೂ ಬಿಡ್ಲಿಲ್ಲ. ಅವತ್ತು ಆ ಮಾಮ ಚಿತ್ರ ತೋರಿಸಿದ್ರಲ್ಲ, ಛತ್ರಿಗೆ ಹಿಡಿಯಿಲ್ಲ, ಗಡಿಯಾರದಲ್ಲಿ ಒಂದು ಮುಳ್ಳಿಲ್ಲ, ಕುರ್ಚಿಗೆ ಮೂರೇ ಕಾಲು, ಎಲ್ಲಾ ಗೊತ್ತಿತ್ತು ಅಮ್ಮಾ, ಎಲ್ಲಾ! ಗಂಟಲವರೆಗೂ ಬಂತು, ನುಂಗ್ಬಿಟ್ಟೆ..."

ಗೇಟಿನ ಕಂಬದ ಹತ್ತಿರ ಪರೀಕ್ಷೆಯವನು ಏದುಸಿರು ಬಿಡುತ್ತ ನಿಂತಿದ್ದ. ಒಂದು ಮಾತೂ ತಿಳಿಯದಿದ್ದರೂ ಅವನ ಬಾಯಿ ತೆರೆದೇ ಇತ್ತು. ಅಮ್ಮ ಫೈಲನ್ನು ಅವನ ಎದೆಗೆ ಒತ್ತಿದಳು. "ಮೂಲೆ ಕ್ಲಾಸು" ಅಂದಳು ಇಂಗ್ಲಿಷಿನಲ್ಲಿ. "ದಯವಿಟ್ಟು. ಮೂಲೆ ಕ್ಲಾಸು." ಯಾವುದಕ್ಕೆ ಹೆದರಿ ಸುಳ್ಳು ಬರೆದಿದ್ದಳೋ ಅದನ್ನೇ ಈಗ ಸೆರಗೊಡ್ಡಿ ಬೇಡುತ್ತಿದ್ದಳು.

ಅರಳು ಹಿಂದೆ ತಿರುಗಿ ಅವನನ್ನು ನೋಡಿದ್ದು ಆಗಲೇ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸ್ಕೂಲಿನವರ ಕಿವಿಗೆ ಅವಳ ಮಾತು ಬಿದ್ದಿತ್ತಲ್ಲ!

ಅಮ್ಮ ಬೆರಳು ಬಿಡಿಸಲು ನೋಡಿದಳು. ಅವನೂ ಕೂತು ಏನೋ ಮೆತ್ತಗೆ ಹೇಳಿದ. ಊಹೂಂ. ಅವನು ಫೈಲಿನಿಂದ ಆ ಸಹಿಯ ಹಾಳೆ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ. ಸೋಮವಾರ, ನಿಮ್ಮ ಭಾಷೆಯವರನ್ನು ಕರೆಸಿ ಮತ್ತೆ ಪರೀಕ್ಷೆ ಮಾಡುತ್ತೇನೆ ಅಂದ. ಅವಳಿಗೆ ಸೋಮವಾರ ಅನ್ನುವುದೊಂದು ತಿಳಿಯಿತು, ಅವನ ಮುಖದಿಂದ ಉಳಿದದ್ದು ತಿಳಿಯಿತು. ಸೋಮವಾರ ಈ ಮಗು ಬಾಯಿ ಬಿಡುತ್ತದೋ ಇಲ್ಲವೋ, ಅದು ಯಾರಿಗೂ ತಿಳಿಯದು.

ಮನೆವರೆಗೂ ಅರಳು ಕೈ ತೆಗೆಯಲಿಲ್ಲ. ಬಸ್ಸಿನಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಮೂರನೇ ಮಹಡಿಯ ಮೆಟ್ಟಿಲ ಹತ್ತಿರ ಅಮ್ಮನ ಸೆರಗು ಎಳೆದು, ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಅಮ್ಮಾ, ನಾನು ಸೋತೆ ಅಂತ ಅಪ್ಪಂಗೆ ಹೇಳ್ಬೇಡ."

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಹೇಳಲ್ಲ ಕಣೇ ಅಂತ ತನ್ನ ತುಟಿಯ ಮುಂದೆಯೇ ಬೆರಳು ತಿರುಗಿಸಿ ಬೀಗ ಹಾಕಿಕೊಂಡಳು.