ಹಸಿರು ಮುಚ್ಚಳದ ತತ್ತಿಗಳು

ಅಲುಗಿದ್ದು ಬಸ್ಸು, ತತ್ತಿಯಲ್ಲ — ಮಸ್ಕಿ ದಾಟುತ್ತಲೇ ಬಂದ ರಸ್ತೆಯುಬ್ಬಿಗೆ ಅಮರೇಶ್ವರಿಯ ತೊಡೆಯ ಮೇಲಿನ ಎರಡೂ ತಟ್ಟೆ ಕುಲುಕಿ ಸುಮ್ಮನಾದವು, ಹಸಿರು ಮುಚ್ಚಳದ್ದು, ಕೆಂಪು ಮುಚ್ಚಳದ್ದು, ಎರಡರಲ್ಲೂ ದ್ರಾಕ್ಷಿ ರಸದ ಜೆಲ್ಲಿ, ಮೇಲೆ ಹಣ್ಣಿನ ನೊಣ ಇಟ್ಟ ನೂರು ನೂರು ತತ್ತಿ, ಬಿಳಿ ನುಚ್ಚಿನ ಹಾಗೆ. ಕೆಂಪಿನವು ಒಡೆಯಬಾರದು, ಅದೇ ಅವಳ ಎರಡು ವರ್ಷದ ಸಂಶೋಧನೆ, ಆ ತಾಯಿನೊಣಗಳ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾಗಿದೆ, ಅಷ್ಟಕ್ಕೇ ತತ್ತಿಯೊಳಗೆ ಕೋಶಕೇಂದ್ರ ಒಡೆದು ಎರಡಾದ ಮೇಲೆ ಅದರ ಸುತ್ತ ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಒಳಗಿನದು ಚೆಲ್ಲಾಪಿಲ್ಲಿ, ಮರಿಯಾಗುವುದಿಲ್ಲ — ಆದರೆ ಹಸಿರಿನವು ಆರೋಗ್ಯದ ನೊಣಗಳ ತತ್ತಿ, ಇಪ್ಪತ್ನಾಲ್ಕು ತಾಸಿಗೆ ಹುಳ ಹರಿದಾಡಬೇಕಿತ್ತು, ಈಗ ಮೂವತ್ತು, ಅವು ಒಡೆದರೆ ತಾನೇ ಕೆಂಪಿನವು ಒಡೆಯದ್ದಕ್ಕೆ ಅರ್ಥ. ನಿನ್ನೆ ಲಿಂಗಸುಗೂರಿನ ಕಾಲೇಜಿನಲ್ಲಿ ಕರೆಂಟಿಲ್ಲವೆಂದು ತಟ್ಟೆಗಳನ್ನು ಸಿಂಧನೂರಿನ ಮನೆಗೆ ತಂದದ್ದು, ಅತ್ತೆ ತಿಮ್ಮವ್ವ ನಕ್ಕದ್ದು, ನೊಣ ಸಾಕಾಕ ಇಷ್ಟು ಓದಬೇಕೇನವ್ವ, ನಾವು ಓದದಂಗ ಸಾಕೀವಿ, ಅದರಾಗ ಇಕಿಗೆ ಮರಿ ಆಗಲಿಲ್ಲಂದ್ರ ಖುಷಿಯಂತ, ತಂಪಿಗೆಂದು ನೀರಿನ ಗಡಿಗೆಯ ಪಕ್ಕ ಇಟ್ಟದ್ದು, ಗಾಳಿಯಾಡಲೆಂದು ಮುಚ್ಚಳ ತೆಗೆದು ತೆಳುಬಟ್ಟೆ ಹೊದಿಸಿದ್ದು, ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಸಂಜೆ ಗಂಡ ವಿರೇಶ ವಳಕಮದಿನ್ನಿಯ ಗದ್ದೆಗೆ ಹುಳ ಕೊಲ್ಲುವ ಎಣ್ಣೆ ಹೊಡೆದು ಬಂದ, ಅಂಗಿ ತೊಯ್ದು ತೊಪ್ಪೆ, ಕೊಡ್ರಿ ಇಲ್ಲಿ ಎಂದವಳು ಅವಳೇ, ಎಂದಿನ ಗೂಟಕ್ಕೆ ತೂಗುಹಾಕಿದವಳೂ ಅವಳೇ, ಗೂಟದ ಕೆಳಗೇ ತಟ್ಟೆಗಳು, ಮೇಲೆ ಫ್ಯಾನು, ಒಲೆಯ ಮೇಲೆ ರೊಟ್ಟಿ, ಮಗಳ ಹೋಂವರ್ಕು, ಕೈ ತನ್ನಷ್ಟಕ್ಕೆ ಮಾಡಿತು, ಹತ್ತು ವರ್ಷದಿಂದ ಆ ವಾಸನೆ ಮೂಗಿಗೆ ಗಂಡನದೇ ವಾಸನೆಯಾಗಿಬಿಟ್ಟಿತ್ತು.

ಫೋನಿನಲ್ಲಿ ಗೈಡು ಹನುಮಂತರಾಯ ಸರ್, ಇವತ್ತ ಐದಕ್ಕ ವರದಿ ಕಳಸೋದೈತಿ, ಹಸಿರಿನ್ಯಾಗ ಎಷ್ಟು ಒಡದಾವವ್ವ, ಒಂದೂ ಇಲ್ರಿ ಸರ್ ಎಂದಳು, ಅವರು ಕೆಮ್ಮಿದರು, ಪ್ರತಿ ಸಲ ತೊಂಬತ್ತು ಒಡಿತಾವಲ್ಲ, ಅಷ್ಟ ಬರದು ಬಿಡು, ಯಾರು ಬಂದು ನೋಡ್ತಾರ, ಇಲ್ಲಂದ್ರ ನಿನ್ನ ಫೆಲೋಶಿಪ್ ಇಲ್ಲಿಗೆ ನಿಂತಂಗ ನೋಡು. ತೊಂಬತ್ತು — ಪೂರಾ ಸುಳ್ಳೂ ಅಲ್ಲ, ಆ ಅಂಗಿ ಇಲ್ಲದಿದ್ದರೆ ಒಡೆಯುತ್ತಿದ್ದವು, ಒಡೆಯುತ್ತಿದ್ದವೇ, ಯಾರಿಗೆ ಗೊತ್ತು, ಅವಳು ನೋಟ್‌ಬುಕ್ಕು ತೆಗೆದು ಹಸಿರು ಎಂದು ಬರೆದಳು, ಪಕ್ಕಕ್ಕೆ ಸೊನ್ನೆ, ಕೆಂಪು, ಸೊನ್ನೆ, ಕೆಳಗೆ, ಎಣ್ಣೆ ಹೊಡೆದ ಅಂಗಿ ನಾನೇ ತೂಗುಹಾಕಿದ್ದು, ಲಿಂಗಸುಗೂರಿಗೆ ಇನ್ನೂ ಮುಕ್ಕಾಲು ತಾಸು, ಹಸಿರು ಮುಚ್ಚಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಒಂದಾದರೂ — ಬಿಳಿ ನುಚ್ಚು, ನೂರು, ಬಿಳಿ ನುಚ್ಚು —