ಸೊಲ್ಲು ಹಿಡಿದ ಗುಳ್ಳವ್ವಗಳು

ನಮ್ಮ ಅತ್ತೆ ಬಸವಣ್ಣೆವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀಗರೆಲ್ಲ ಹೇಳುತ್ತಾರೆ. ಅವರು ನನ್ನನ್ನು ಸರಿಯಾಗಿ ನೋಡಿಲ್ಲ. ಇಬ್ಬರು ಸಿಟ್ಟಿನವರು ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇವೆಂದರೆ ಅದಕ್ಕೆ ನನ್ನ ಬ್ಯಾಂಕಿನ ಕೆಲಸವೇ ಕಾರಣ. ಹಗಲು ನಾನು ಮನೆಯಲ್ಲಿರುವುದಿಲ್ಲ.

ಆದರೆ ಈ ಸಲ ಆಷಾಢದ ಮೊದಲ ಮಂಗಳವಾರ ಅತ್ತೆ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಆಷಾಢದ ಮಂಗಳವಾರಗಳಂದು ನಮ್ಮ ಧಾರವಾಡದ ಕಡೆ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಸರ. ಸುತ್ತ ಕೂತು ಹಾಡುತ್ತಾರೆ. ಕೊನೆಯ ಮಂಗಳವಾರ ಹಾಡುತ್ತಲೇ ನೀರಿಗೆ ಬಿಡುತ್ತಾರೆ. ಅತ್ತೆ ಮದುವೆಯಾಗಿ ಪುಣೆಗೆ ಬಂದ ಮೇಲೂ ಇದನ್ನು ಬಿಟ್ಟವರಲ್ಲ. ಮಣ್ಣು ಮಾತ್ರ ಧಾರವಾಡದ್ದೇ ಆಗಬೇಕು. ಬಸ್ಸಿನ ಡ್ರೈವರ್ ಕೈಯಲ್ಲಿ ಬಂದ ಚೀಲವನ್ನು ಸ್ವಾರಗೇಟ್ ನಿಲ್ದಾಣಕ್ಕೆ ಹೋಗಿ ಹೊತ್ತು ತರುವುದು ಮೊದಲು ಮಾವನವರ ಕೆಲಸವಾಗಿತ್ತು, ಈಗ ನನ್ನ ಗಂಡ ವಿಕಾಸನದು. ಪುಣೆಯಲ್ಲಿ ಮಣ್ಣಿಗೆ ಬರವೇ ಎಂದು ಅವನು ಪ್ರತಿ ವರ್ಷ ಗೊಣಗುತ್ತಾನೆ, ಪ್ರತಿ ವರ್ಷ ಹೋಗಿ ತರುತ್ತಾನೆ.

ಸದಾಶಿವ ಪೇಠೆಯ ಹಳೆಯ ವಾಡೆಯಲ್ಲಿ, ಒಂದೇ ಅಂಗಳದ ಆ ವಠಾರದಲ್ಲಿ, ನಮ್ಮ ಕಡೆಯ ನಾಲ್ಕೈದು ಮನೆಗಳಿದ್ದವಂತೆ. ಅತ್ತೆ ಹಾಡು ಹೇಳಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು, ಅಂದರೆ ಪ್ರತಿ ಸಾಲಿನ ಕೊನೆಗೆ ಪಲ್ಲವಿ ಎತ್ತಿಕೊಂಡು ಹೇಳುವುದು. ವಾಡೆ ಬಿದ್ದು ಅಲ್ಲಿ ಈ ಅಪಾರ್ಟ್‌ಮೆಂಟ್ ಎದ್ದಿತು. ನಮಗೊಂದು ಫ್ಲ್ಯಾಟು ಬಂತು, ಸೊಲ್ಲಿನವರು ಚದುರಿಹೋದರು. ಕೆಲವರು ತೀರಿಕೊಂಡರು. ಕೊನೆಯವಳಾಗಿ ಉಳಿದಿದ್ದ ಅಂಬಾಬಾಯಿ ಕಳೆದ ದೀಪಾವಳಿಗೆ ನಾಶಿಕದ ಮಗಳ ಮನೆಗೆ ಹೋದಾಕೆ ಮರಳಿ ಬರಲಿಲ್ಲ.

ಹಾಗಾಗಿ ಈ ಸಲ ಅತ್ತೆ ಗುಳ್ಳವ್ವನನ್ನು ಮಾಡಿ, ಮಣೆಯ ಮೇಲೆ ಕೂರಿಸಿ, ದೀಪ ಹಚ್ಚಿ, ಒಂದು ಸಾಲು ಹಾಡಿದರು. ಸೊಲ್ಲಿಗಾಗಿ ನಿಂತರು. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು.

"ಸಾಕ್ ಬಿಡು ತ್ರಿವೇಣಿ. ಒಬ್ಬಾಕಿ ಹಾಡಿದ್ರ ಅದು ಹಾಡಲ್ಲ, ಗೊಣಗೋದು. ಈ ವರ್ಷದ್ದ ಕಡೀದು. ಮುಂದ ಮಣ್ಣ ತರಸೋದ ಬ್ಯಾಡ," ಎಂದರು.

ನನ್ನ ಗಂಟಲು ಆ ಕುಕ್ಕರಿಗಿಂತ ಕಡೆ. ನನ್ನ ಮಗಳು ಅನುಜಾ ಒಂಬತ್ತನೆಯ ಕ್ಲಾಸು. ಮನೆಯ ಹೊರಗೆಲ್ಲ ಮರಾಠಿ, ಅವಳ ಕನ್ನಡ ಮನೆಯೊಳಗಿನ ಮಾತಿಗೆ ಸಾಲುತ್ತಿತ್ತು, ಹಾಡಿಗಲ್ಲ. ನಮ್ಮಿಬ್ಬರನ್ನು ಅತ್ತೆ ಕೇಳಲೂ ಇಲ್ಲ, ನಮಗೂ ಹೊಳೆಯಲಿಲ್ಲ.

ದೀಪ ಇನ್ನೂ ಉರಿಯುತ್ತಿತ್ತು. ಅನುಜಾ ಅದೇ ಪಡಸಾಲೆಯಲ್ಲಿ ಟಿವಿಗೆ ತನ್ನ ವಿಡಿಯೊ ಗೇಮ್ ಹಚ್ಚಿದಳು. ಅದೊಂದು ದ್ವೀಪದ ಆಟ. ಅಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಮನೆ ಕಟ್ಟುವುದು, ಗಿಡಕ್ಕೆ ನೀರು ಹಾಕುವುದು, ಮೀನು ಹಿಡಿಯುವುದು. ನಿಜವಾದ ಮನೆಯಲ್ಲಿ ತುಳಸಿಗೊಂದು ತಂಬಿಗೆ ನೀರು ಹಾಕದವಳು ಅಲ್ಲಿ ತೋಟವೆಲ್ಲ ತೋಯಿಸುತ್ತಾಳೆ. ಆಟದ ಮನೆಯಲ್ಲಿ ಅವಳದೊಂದು ಕೋಣೆ ತುಂಬ ಗೊಂಬೆಗಳಿದ್ದವು. ಜೈರಾಯ್ಡ್ ಎನ್ನುತ್ತಾರಂತೆ. ಗಿಡ್ಡ, ಡುಮ್ಮ, ಉದ್ದ. ಕಣ್ಣಿನ ಜಾಗದಲ್ಲಿ ಎರಡು ತೂತು, ಬಾಯಿಯ ಜಾಗದಲ್ಲೊಂದು. ಮುಟ್ಟಿದರೆ ಓಲಾಡುತ್ತ ಸದ್ದು ಮಾಡುತ್ತವೆ. ಒಂದು ಟುಂಯ್, ಒಂದು ಟಿಕ್ಕ್, ಒಂದು ಕೊಡದ ಬಾಯಿಗೆ ಊದಿದ ಹಾಗೆ ಘುಂ. ಎರಡು ವರ್ಷದಿಂದ ಅವಳು ಅವುಗಳನ್ನು ಕೂಡಿಹಾಕುತ್ತಿದ್ದಳು. ನಾನು ಅವುಗಳಿಗೆ ಡಬ್ಬಿಗಳು ಎನ್ನುತ್ತಿದ್ದೆ.

ಅತ್ತೆ ಚಷ್ಮಾ ಏರಿಸಿದರು. "ಇವು ಎಲ್ಲಿ ಸಿಕ್ಕಾವ, ಅನು?"

"ಮಣ್ಣಾಗ, ಅಜ್ಜಿ. ಮಳಿ ಬಂತಂದ್ರ ಮರುದಿನ ನೆಲದಾಗ ಇರ್ತಾವ. ಅಗದ್ ತಗೀಬೇಕು."

ಅತ್ತೆ ಟಿವಿಯನ್ನು ನೋಡಿದರು, ಮಣೆಯ ಮೇಲಿನ ಗುಳ್ಳವ್ವನನ್ನು ನೋಡಿದರು. ಆಮೇಲೆ ಎದ್ದುನಿಂತು ಟಿವಿಗೆ ಕೈಮುಗಿದರು.

"ಅಯ್ಯ ನಮ್ಮವ್ವ! ನೀರಿಗೆ ಬಿಟ್ಟ ಗುಳ್ಳವ್ವಗೋಳು ಎಲ್ಲಿ ಹೋಗ್ತಾವ ಅಂತ ಸಣ್ಣಾಕಿ ಇದ್ದಾಗಿಂದ ಕೇಳ್ಕೋತ ಬಂದೀನಿ. ಇಲ್ಲಿ ಅದಾವ ನೋಡು!"

ನಾನು ನಕ್ಕೆ. ಅತ್ತೆ ನಗಲಿಲ್ಲ, ಅನುಜಾಳೂ ನಗಲಿಲ್ಲ. ಇಬ್ಬರ ಮುಖದಲ್ಲೂ ಒಂದೇ ಬೆರಗು ಇತ್ತು. ಅಜ್ಜಿಗೂ ಮೊಮ್ಮಗಳಿಗೂ ಮೂಗು ಒಂದೇ ಎಂದು ಗೊತ್ತಿತ್ತು, ಬೆರಗೂ ಒಂದೇ ಎಂದು ಅಂದು ಗೊತ್ತಾಯಿತು.

ಮುಂದಿನ ಮಂಗಳವಾರ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಇಬ್ಬರೂ ಟಿವಿಯ ಮುಂದೆ ಕೂತಿದ್ದರು. ಅತ್ತೆ ಹಾಡಿನ ನಡೆಯನ್ನು ತೊಡೆಯ ಮೇಲೆ ಬಡಿದು ತೋರಿಸುವುದು, ಅನುಜಾ ಅದಕ್ಕೆ ಹೊಂದುವ ಗೊಂಬೆಯನ್ನು ಎತ್ತಿ ತಂದು ಇಡುವುದು.

"ಇದು ಬ್ಯಾಡ, ಇದರ ದನಿ ನಿನ್ನ ಶಿವಪ್ರಕಾಶ ಕಾಕಾನ ಗೊರಕಿ ಇದ್ದಂಗ ಅದ," ಎಂದು ಅತ್ತೆ ಒಂದನ್ನು ತೆಗೆಸಿದರು.

"ಅಜ್ಜಿ, ಥಾಂಬ್ ಥಾಂಬ್, ಇದು ಕೇಳು," ಎಂದು ಅವಳು ಮರಾಠಿ ಬೆರೆಸಿ ತಡೆದು ಇನ್ನೊಂದನ್ನು ತಂದಳು.

ಎಲ್ಲವನ್ನೂ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ ಒಂದೊಂದಾಗಿ ಮುಟ್ಟಿದಳು. ಮೊದಲು ಬರೀ ಗದ್ದಲ, ತುಳಸಿಬಾಗ ಸಂತೆಯಲ್ಲಿ ಪಾತ್ರೆ ಬಿದ್ದ ಹಾಗೆ. ನಾನು ಕಿವಿ ಮುಚ್ಚಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಯಾವುದೋ ಒಂದು ಕ್ಷಣದಲ್ಲಿ ಅವೆಲ್ಲ ಒಂದಕ್ಕೊಂದು ಕಿವಿಗೊಟ್ಟಂತಾಗಿ, ಒಂದೇ ನಡೆಗೆ ಬಂದುಬಿಟ್ಟವು. ಟಿಕ್ಕ್ ಎಂದು ಒಂದು ಕರೆದರೆ ಟುಂಯ್ ಎಂದು ಹತ್ತು ಓಗೊಟ್ಟವು. ಹಿಂದಿನಿಂದ ದೊಡ್ಡದು ಘುಂ ಎಂದು ಎಲ್ಲವನ್ನೂ ಹೊತ್ತು ನಿಂತಿತು. ಎಲ್ಲವೂ ಒಮ್ಮೆಗೇ ಎಡಕ್ಕೆ, ಒಮ್ಮೆಗೇ ಬಲಕ್ಕೆ.

ಅತ್ತೆ ಬಾಯಿ ತೆರೆದರು.

"ಕರಿಯ ಮಣ್ಣಿನಾಕಿ, ಕೆಂಪು ಕಣ್ಣಿನಾಕಿ,
ಮೋಡದ ಸೆರಗು ಹೊತ್ತಾಕಿ..."

ನಿಂತರು. ಸೊಲ್ಲಿನ ಜಾಗದಲ್ಲಿ ಗೊಂಬೆಗಳು ಘುಂಯ್ಗುಟ್ಟಿದವು. ಮಾತಿಲ್ಲ, ಬರೀ ನಾದ. ಆದರೂ ಅದು ಸೊಲ್ಲೇ. ಅತ್ತೆಯ ದನಿ ಏರಿತು. ಎಷ್ಟೋ ವರ್ಷದಿಂದ ನನ್ನನ್ನು ಗದರಿಸಲು ಮಾತ್ರ ಏರುತ್ತಿದ್ದ ಆ ದನಿಯಲ್ಲಿ ಇಷ್ಟು ಬೆಳಕಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತೆ. ಜಪಾನಿನಲ್ಲಿ ಯಾರೋ ಮಕ್ಕಳಿಗಾಗಿ ಮಾಡಿದ ಆಟದ ಗೊಂಬೆ, ನನ್ನ ಅತ್ತೆಯ ತವರಿನ ಹಾಡಿಗೆ ಓಗೊಡುತ್ತಿತ್ತು. ಅದನ್ನು ಹೇಗೆ ನಂಬುವುದು? ಕಣ್ಣೆದುರಿಗೇ ನಡೆಯುತ್ತಿರುವುದನ್ನು ನಂಬದೆ ಇರುವುದಾದರೂ ಹೇಗೆ?

ಅಂದಿನಿಂದ ಅವು ನನಗೂ ಡಬ್ಬಿಗಳಾಗಿ ಉಳಿಯಲಿಲ್ಲ. ಅತ್ತೆ ಕಂಟ್ರೋಲರ್ ಹಿಡಿಯುವುದನ್ನೂ ಕಲಿತರು. ನಡೆಯುವುದು, ಎತ್ತುವುದು, ಇಡುವುದು, ಅಗೆಯುವುದು. ಮಧ್ಯಾಹ್ನ ಮಲಗುವುದನ್ನು ಬಿಟ್ಟು ಒಬ್ಬರೇ ದ್ವೀಪದಲ್ಲಿ ಅಡ್ಡಾಡುತ್ತಿದ್ದರು. "ಊಟಾದ್ರೂ ಮಾಡ್ರಿ ಅತ್ಯಾರ," ಎಂದು ನಾನು ಫೋನಿನಲ್ಲಿ ಗದರಬೇಕಾಗಿ ಬಂತು. ಕಾಲ ಹೀಗೂ ತಿರುಗುತ್ತದೆ.

ಕೊನೆಯ ಮಂಗಳವಾರ ಹೊರಗೆ ಮಳೆ. ನಾನೂ ಅನುಜಾಳೂ ಮೆಟ್ಟಿಲಲ್ಲೇ ಭೇಟಿಯಾಗಿ ಒಟ್ಟಿಗೆ ಒಳಗೆ ಬಂದೆವು. ಮನೆಯೆಲ್ಲ ಹೋಳಿಗೆಯ ವಾಸನೆ. ಮಣೆ ಖಾಲಿಯಿತ್ತು, ಬಾಲ್ಕನಿಯ ಬಕೆಟ್ಟಿನಲ್ಲಿ ಗುಳ್ಳವ್ವ ಆಗಲೇ ಕರಗಿ ಗುಲಗಂಜಿ ಎರಡೂ ತಳದಲ್ಲಿದ್ದವು. ಅತ್ತೆ ತೊಳೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಮುಂದೆ ಕೂತಿದ್ದರು.

ಟಿವಿಯಲ್ಲಿ ಗೊಂಬೆಗಳ ಕೋಣೆ ಬರಿದಾಗಿತ್ತು.

ಅನುಜಾ ಒಮ್ಮೆಲೇ ಕಿರುಚಿದಳು. "ಅಜ್ಜಿ! ನನ್ನ ಕಲೆಕ್ಷನ್ ಎಲ್ಲಿ?"

"ಕಳಿಸಿದೆ," ಎಂದರು ಅತ್ತೆ. "ಇವತ್ತ ಬಿಡೂ ದಿನ ಅಲ್ಲೇನವ್ವ? ಆಷಾಢ ಮುಗದ ಮ್ಯಾಲ ಗುಳ್ಳವ್ವನ್ನ ಮನ್ಯಾಗ ಇಟ್ಕೋಬಾರದು."

ನನ್ನ ಕೋಪ ನೆತ್ತಿಗೇರಿತು. "ಅತ್ಯಾರ, ಅವು ಹುಡುಗೀವು! ಎರಡು ವರ್ಷ ಕೂಡಿಸ್ಯಾಳ. ಒಂದ್ ಮಾತ ಕೇಳಬಾರ್ದೇನ್ರಿ?"

ಅತ್ತೆ ನನಗೆ ತಿರುಗಿ ಬಯ್ಯಲಿಲ್ಲ. ಅನುಜಾಳ ಕಣ್ಣೀರನ್ನು ನೋಡಿ ಅವರ ಮುಖ ಇಳಿದುಹೋಯಿತು.

"ಹೊಳ್ಯಾಗ ಬಿಡಾಕ ಹೋದೆ. ಹೊಳಿ ತಗೋಲಿಲ್ಲ," ಎಂದರು ಮೆಲ್ಲಗೆ. "ಅದಕ್ಕ ದಂಡ್ಯಾಗ ಮಣ್ಣಾಗ ಇಟ್ಟೆ. ಒಂದು ಉಳದದ, ಆ ದೊಡ್ಡದು. ಅದನ್ನ ಇಡಾಕ ಆಗವಲ್ದು."

"ಯಾಕ?" ಎಂದಳು ಅನುಜಾ ಮೂಗೊರೆಸಿಕೊಳ್ಳುತ್ತ.

"ಕಳಿಸೋ ಹಾಡ ಹೇಳಬೇಕವ್ವ. ಯಾರ ಕೂಡ ಹೇಳ್ಲಿ? ಸೊಲ್ಲ ಹಿಡಿಯೋರನ್ನೆಲ್ಲಾ ನಾನ ಮಣ್ಣಾಗ ಇಟ್ಟೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅತ್ತೆ ಟಿವಿಯ ಗೊಂಬೆಗಳ ಮಾತು ಮಾತ್ರ ಆಡುತ್ತಿಲ್ಲವೆಂದು ಮನಸ್ಸಿಗೆ ತಟ್ಟಿತು.

ಅನುಜಾ ಕಂಟ್ರೋಲರ್ ತೆಗೆದುಕೊಂಡಳು. ಅವಳ ಪುಟ್ಟ ಆಟದ ಹುಡುಗಿ ಮನೆಯಿಂದ ಹೊರಟು ಹೊಳೆಯ ದಂಡೆಗೆ ಓಡಿದಳು. ಅಲ್ಲಿ ನೀರಿನ ಗುಂಟ ಉದ್ದಕ್ಕೂ, ಏನಾದರೂ ಹೂತಲ್ಲೆಲ್ಲ ಆ ಆಟದಲ್ಲಿ ಕಾಣುವ ನಕ್ಷತ್ರದಂಥ ಬಿರುಕುಗಳು, ಒಂದರ ಪಕ್ಕ ಒಂದು, ಎಳೆದು ಬಿಟ್ಟ ರಂಗೋಲಿ ಹಾಗೆ. ಅಷ್ಟು ಸಾಲಾಗಿ, ಅಷ್ಟು ಅಚ್ಚುಕಟ್ಟಾಗಿ ಅಗೆಯಲು ಅತ್ತೆಯ ಮುದಿ ಬೆರಳುಗಳಿಗೆ ಇಡೀ ಮಧ್ಯಾಹ್ನ ಹಿಡಿದಿರಬೇಕು. ಸಾಲಿನ ಕೊನೆಗೆ ತೆರೆದ ಒಂದು ಗುಂಡಿ. ಅದರ ಪಕ್ಕದಲ್ಲಿ ದೊಡ್ಡ ಗೊಂಬೆ ಒಂಟಿಯಾಗಿ ನಿಂತಿತ್ತು.

ಅನುಜಾಳ ಕೈಯಲ್ಲಿ ಸಲಿಕೆ ಇತ್ತು. ಎಲ್ಲವನ್ನೂ ಮತ್ತೆ ಅಗೆದು ತೆಗೆಯುವುದು ಅವಳಿಗೆ ಎಷ್ಟರ ಕೆಲಸ? ಮೊದಲ ಬಿರುಕಿನ ಮುಂದೆ ನಿಂತಳು. ಆಮೇಲೆ ಅವಳು ಸಲಿಕೆ ಒಳಗಿಟ್ಟು, ದಂಡೆಯ ಉದ್ದಕ್ಕೂ ನಡೆದು ಬಂದು ದೊಡ್ಡ ಗೊಂಬೆಯನ್ನು ಮುಟ್ಟಿದಳು.

ಘುಂ... ಘುಂ...

"ಹೇಳಜ್ಜಿ," ಎಂದಳು. "ಸೊಲ್ಲು ನಾ ಹಿಡೀತೀನಿ."

"ನಿನಗ ಬರ್ತದೇನ?"

"ನೀ ದಿನಾ ಹಾಡ್ತಿ. ನಾ ಏನ್ ಕಿವುಡೀನ?"

ಅತ್ತೆ ಹಾಡು ಎತ್ತಿದರು.

"ಹೊಳಿಗುಂಟ ಹೋಗಾಕಿ, ಹೊಲದಾಗ ಬರಾಕಿ,
ಬಂದ ದಾರಿ ಮರಿಬ್ಯಾಡ..."

"ಹೋಗಿ ಬಾರವ್ವ ಗುಳ್ಳವ್ವ," ಎಂದಳು ನನ್ನ ಮಗಳು. ಮರಾಠಿಯ ಎಳೆ ಹಾಯ್ದ ಕನ್ನಡ, ಸಂಕೋಚದ ಸಣ್ಣ ದನಿ. ಆದರೆ ನಡೆ ಒಂದಿಷ್ಟೂ ತಪ್ಪಲಿಲ್ಲ. ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ಯಾರಪ್ಪಾ ಇಷ್ಟು ಕೆಟ್ಟದಾಗಿ ಹಾಡುತ್ತಿರುವುದು ಎಂದು ನೋಡಿದರೆ ನಾನೇ. ಅತ್ತೆ ನನ್ನತ್ತ ತಿರುಗಿ ನೋಡಿದರು. ಕಣ್ಣು ತುಂಬಿತ್ತು, ಹಾಡು ನಿಲ್ಲಿಸಲಿಲ್ಲ.

ಹೊರಗೆ ಮಳೆ, ಒಳಗೆ ನಾವು ಮೂವರು, ನಮ್ಮ ಕೆಳಗೆ ಘುಂ ಎಂಬ ಆ ಮಣ್ಣಿನ ದನಿ. ವಾಡೆಯಿದ್ದ ಜಾಗದಲ್ಲೇ ನಾವು ಕೂತಿದ್ದೆವು, ನೆಲದಿಂದ ನಾಲ್ಕು ಮಹಡಿ ಮೇಲೆ. ಆ ಹೆಂಗಸರೆಲ್ಲ ಬಂದು ಸುತ್ತ ಕೂತಿದ್ದಾರೆಂದು ಯಾರಾದರೂ ಹೇಳಿದ್ದರೆ ನಾನು ತಿರುಗಿ ನೋಡದೆಯೇ ನಂಬುತ್ತಿದ್ದೆ.

ಹಾಡು ಮುಗಿಯುತ್ತ ಬಂದಾಗ ಅನುಜಾ ಕಂಟ್ರೋಲರನ್ನು ಅಜ್ಜಿಯ ಕೈಗೆ ಕೊಟ್ಟಳು. ಅತ್ತೆ ದೊಡ್ಡ ಗೊಂಬೆಯನ್ನು ಎತ್ತಿ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರು. ದನಿ ನಿಂತಿತು.

"ಅನು, ತಗೀತಿ ಏನವ್ವ ಅವನ್ನ?" ಎಂದು ಅತ್ತೆ ಅಳುಕುತ್ತ ಕೇಳಿದರು.

"ತಗೀತೀನಿ, ಮುಂದಿನ ಆಷಾಢದಾಗ," ಎಂದಳು ಅವಳು ಹೋಳಿಗೆಯ ತಟ್ಟೆಗೆ ಕೈ ಹಾಕುತ್ತ. "ಈಗ ಇರ್ಲಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಹಳೆಯ ಗದರುವ ದನಿಯಲ್ಲಿ ನನಗೆ ಹೇಳಿದರು:

"ಏನ್ ನೋಡ್ಕೋತ ನಿಂತಿ ತ್ರಿವೇಣಿ? ವಿಕಾಸಗ ಹೇಳಿಡು, ಮುಂದಿನ ವರ್ಷ ಮಣ್ಣ ಹೆಚ್ಚಿಗಿ ಬೇಕಂತ. ನಾವು ಮೂರ ಮಂದಿ ಮಾಡಾವ್ರು."